‘ಊಟ ಆಗಿ ಎಷ್ಟು ಹೊತ್ತಾಯಿತು?’

ಈಚೆಗೆ ನಮ್ಮ ಭಾವ ಥಾಯ್ಲೆಂಡಿಗೆ ಹೋಗಿ ಬಂದರು. ಬಂಟ್ವಾಳ ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡವರು. ಇಷ್ಟು ವರ್ಷ ಧರ್ಮಸ್ಥಳ, ತಿರುಪತಿ ಬಿಟ್ಟರೆ ಅವರಿಗೆ ಬೇರೆ ಪ್ರವಾಸ ಗೊತ್ತಿರಲಿಲ್ಲ. 2023ರ ನವೆಂಬರಿನಲ್ಲಿ ಭಾರತೀಯರಿಗೆ ವೀಸಾ ಬೇಡವೆಂದು ಆ ದೇಶ ಹೇಳಿದ್ದೇ ಹೇಳಿದ್ದು, ನಮ್ಮ ಕಡೆಯ ವ್ಯಾಪಾರಸ್ಥರು ಗುಂಪು ಕಟ್ಟಿಕೊಂಡು ಹೊರಟರು. ಭಾವನೂ ಒಂದು ಗುಂಪಿನೊಳಗೆ ಸೇರಿದರು. ಕೊಹ್ ಸಮೂಯಿ ಎಂಬ ದ್ವೀಪದಲ್ಲಿ ಮೂರು ದಿನ ಇದ್ದು ಬಂದ ಮೇಲೆ ಅವರ ಬಾಯಲ್ಲಿ ಒಂದೇ ಮಾತು.

‘ಮಸಾಜ್ ಅಂದರೆ ಅದು ಭಾವ. ಸಮುದ್ರದ ಎದುರಿಗೇ ಚಪ್ಪರ ಹಾಕಿದ್ದಾರೆ. ಊಟ ಮುಗಿಸಿ ಹೋಗಿ ಮಲಗಿದ್ದು, ಎದ್ದಾಗ ಮೈ ಹತ್ತಿಯ ಹಾಗೆ ಹಗುರ. ನಮ್ಮ ಊರಲ್ಲಿ ಇದೆಲ್ಲ ಎಲ್ಲಿ ಉಂಟು ಮಾರ್ರೆ?’

‘ಮಲಗಿಸುವ ಮೊದಲು ನಿಮ್ಮನ್ನು ಏನು ಕೇಳಿದರು?’ ಎಂದೆ.

‘ಎಂತ ಕೇಳುವುದು? ದರದ ಕಾರ್ಡು ಕೊಟ್ಟರು. ಥಾಯಾ, ಎಣ್ಣೆಯಾ, ಕಾಲಿಗೆ ಮಾತ್ರವಾ ಅಂತ. ನಾನು ಬೆರಳಿಟ್ಟು ತೋರಿಸಿದೆ. ಮೆಲ್ಲಗಾ, ಜೋರಾ ಅಂತ ಕೇಳಿದರು. ಜೋರು ಅಂದೆ. ಅಷ್ಟೆ.’

ಭಾವ ಎಂಟು ವರ್ಷದಿಂದ ಬಿ.ಪಿ. ಮಾತ್ರೆ ನುಂಗುವವರು. ಎರಡು ವರ್ಷದ ಹಿಂದೆ ಎದೆಗೆ ಸ್ಟೆಂಟ್ ಹಾಕಿಸಿಕೊಂಡವರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಇನ್ನೂ ನಡೆಯುತ್ತಿದೆ. ಹೊಟ್ಟೆ ತುಂಬ ಉಂಡು, ಜೋರಾಗಿ ಒತ್ತಿ ಎಂದು ಹೇಳಿ ಮಲಗಿದ್ದಾರೆ. ಆಪತ್ತೇನೂ ಆಗಲಿಲ್ಲ. ಆದರೂ ಆ ದಿನದಿಂದ ನನ್ನ ತಲೆಯಲ್ಲಿ ಕೂತ ಯೋಚನೆ ಇದು: ಮೈ ಮುಟ್ಟುವ ಕೈ ಒಳ್ಳೆಯದೋ ಅಲ್ಲವೋ ಎಂಬುದು ಮುಟ್ಟಿದ ಮೇಲೆ ತಿಳಿಯುವುದಕ್ಕಿಂತ, ಮುಟ್ಟುವ ಮೊದಲು ಅದು ಏನು ಕೇಳುತ್ತದೆ ಎಂಬುದರಲ್ಲೇ ತಿಳಿಯುತ್ತದೆ.

ಥಾಯ್ ದ್ವೀಪಗಳಲ್ಲಿ ಈ ವ್ಯಾಪಾರ ಸ್ಥೂಲವಾಗಿ ಮೂರು ತರದಲ್ಲಿ ನಡೆಯುತ್ತದೆ. ಕಡಲ ದಂಡೆಯ ಚಪ್ಪರಗಳಲ್ಲಿ ಗಂಟೆಗೆ ಮುನ್ನೂರರಿಂದ ಐನೂರು ಬಾತ್, ಅಂದರೆ ನಮ್ಮ ಸಾವಿರ ರೂಪಾಯಿಯ ಆಸುಪಾಸು. ದೊಡ್ಡ ಹೋಟೆಲುಗಳ ಸ್ಪಾದಲ್ಲಿ ಅದೇ ಕೆಲಸಕ್ಕೆ ಹೂವಿನ ದಳ, ಮಂದ ದೀಪ, ಹಬೆಕೋಣೆ ಸೇರಿ ದರ ಹಲವು ಪಟ್ಟು ಏರುತ್ತದೆ. ಮೂರನೆಯದು ಯೋಗದ ಬಿಡಾರಗಳು. ಸಮೂಯಿಯ ಪಕ್ಕದ ಕೊಹ್ ಫಂಙನ್ ದ್ವೀಪದ ಪಡುವಣ ದಂಡೆಯಲ್ಲಿ ಶ್ರೀಥನು ಎಂಬ ಊರಿದೆ. ಅಲ್ಲಿ ಯೋಗ, ಉಪವಾಸ, ಧ್ಯಾನ ಕಲಿಸುವ ಕೇಂದ್ರಗಳು ಸಾಲಾಗಿ ನಿಂತಿವೆ.

ಚಪ್ಪರದ ಕೆಲಸ ಎಂದು ಹಗುರವಾಗಿ ನೋಡುವಂತಿಲ್ಲ. ಅದರ ಬೇರು ಆಳದಲ್ಲಿದೆ, ಸ್ವಲ್ಪ ನಮ್ಮ ಕಡೆಗೂ ಚಾಚಿದೆ. ಅಸಲಿ ಥಾಯ್ ಮಸಾಜಿಗೆ ಎಣ್ಣೆ ಇಲ್ಲ. ಸಡಿಲ ಹತ್ತಿಬಟ್ಟೆ ಉಡಿಸಿ, ನೆಲದ ಮೇಲೆ ಹಾಸಿ ಮಲಗಿಸಿ, ಹೆಬ್ಬೆರಳು, ಅಂಗೈ, ಮೊಣಕೈ, ಮೊಣಕಾಲು, ಪಾದಗಳಿಂದ ಒತ್ತುತ್ತಾರೆ. ಕೈಕಾಲು ಹಿಡಿದು ಆಸನ ಹಾಕಿಸಿದ ಹಾಗೆ ಮೈಯನ್ನು ಎಳೆಯುತ್ತಾರೆ. ಒತ್ತುವುದಕ್ಕೆ ಗುರುತಿನ ದಾರಿಗಳಿವೆ. ‘ಸೆನ್’ ಎಂದು ಕರೆಯುವ ಆ ದಾರಿಗಳಲ್ಲಿ ಹತ್ತು ಮುಖ್ಯ. ಮೊದಲಿನವುಗಳ ಹೆಸರು ಕೇಳಿ: ಇತಾ, ಪಿಂಗಲಾ, ಸುಮನಾ. ನಮ್ಮ ಇಡಾ, ಪಿಂಗಳಾ, ಸುಷುಮ್ನಾ ನಾಡಿಗಳೇ ಕಡಲು ದಾಟಿ ಉಚ್ಚಾರ ಬದಲಿಸಿಕೊಂಡಿವೆ. ಈ ವಿದ್ಯೆಗೆ ಮೂಲಪುರುಷನೆಂದು ಅವರು ಕೈಮುಗಿಯುವುದು ಬುದ್ಧನ ಕಾಲದ ವೈದ್ಯ ಜೀವಕನಿಗೆ. ಬ್ಯಾಂಕಾಕಿನ ವಾಟ್ ಪೋ ದೇವಾಲಯದಲ್ಲಿ ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಮೂರನೇ ರಾಮ ಎಂಬ ದೊರೆ ಈ ದಾರಿಗಳ ಚಿತ್ರಗಳನ್ನು ಕಲ್ಲಿನ ಹಲಗೆಗಳಲ್ಲಿ ಕೊರೆಸಿದ. ಅಂಗಳದಲ್ಲಿ ಮೈ ಮುರಿಯುವ ಭಂಗಿಯ ಋಷಿಗಳ ಮೂರ್ತಿಗಳನ್ನೂ ಇಡಿಸಿದ. ಆ ಭಂಗಿಗಳ ಸಾಧನೆಗಿರುವ ಥಾಯ್ ಹೆಸರಿನಲ್ಲೇ ‘ಋಷಿ’ ಎಂಬ ಪದ ಅಡಗಿದೆ. 1955ರಲ್ಲಿ ಅಲ್ಲಿ ಸಾಂಪ್ರದಾಯಿಕ ವೈದ್ಯದ ಶಾಲೆ ಶುರುವಾಯಿತು. 2019ರಲ್ಲಿ ಯುನೆಸ್ಕೊ ಈ ವಿದ್ಯೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಾಗಾಗಿ ಅವರ ವಿದ್ಯೆಯಲ್ಲಿ ಕೊರತೆಯಿಲ್ಲ. ಚೆನ್ನಾಗಿ ಕಲಿತವರು ಅಲ್ಲಿಯೂ ರೋಗಿಯ ವಿಷಯ ವಿಚಾರಿಸಿಯೇ ಕೈ ಹಾಕುತ್ತಾರೆ. ಆದರೆ ರಜೆ ಕಳೆಯಲು ಬಂದವನನ್ನು ಯಾರೂ ರೋಗಿಯೆಂದು ನೋಡುವುದಿಲ್ಲ. ಅವನು ಗಿರಾಕಿ. ಗಿರಾಕಿಗೆ ದರದ ಕಾರ್ಡು ಕೊಡುತ್ತಾರೆ, ಕೇಸ್ ಪೇಪರ್ ಬರೆಯುವುದಿಲ್ಲ.

ಇನ್ನು ಭಾವನ ಪ್ರಶ್ನೆ: ನಮ್ಮ ಊರಲ್ಲಿ ಇದೆಲ್ಲ ಎಲ್ಲಿ ಉಂಟು? ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿದರೆ ಉತ್ತರ ಎರಡು ದಿಕ್ಕಿನಲ್ಲಿ ಸಿಗುತ್ತದೆ. ಚಾರ್ಮಾಡಿ ಘಾಟಿಯ ಕಡೆಗೆ ಹೋಗುವ ಹೆದ್ದಾರಿ ಹಿಡಿದರೆ ಗುರುವಾಯನಕೆರೆ, ಬೆಳ್ತಂಗಡಿ ದಾಟಿ ಉಜಿರೆ. ಸಿದ್ಧಕಟ್ಟೆಯ ದಾರಿ ಹಿಡಿದರೆ ಮೂಡುಬಿದಿರೆ. ಉಜಿರೆಯಿಂದ ಮೂಡುಬಿದಿರೆಗೆ ಹೋಗಬೇಕಾದರೆ ಗುರುವಾಯನಕೆರೆಗೆ ಬಂದು ವೇಣೂರಿನ ಬಾಹುಬಲಿಯ ಬದಿಯಿಂದ ದಾರಿ. ಈ ಮುಕ್ಕೋಣದೊಳಗೆ ಮೈಗೆ ಕೈ ಹಾಕುವ ಎರಡು ಬೇರೆ ಬೇರೆ ಶಾಸ್ತ್ರಗಳು ಕಾಲೇಜು ಕಟ್ಟಿಕೊಂಡು ಕೂತಿವೆ. ಹೊರಗಿನವರಿಗೆ ಎರಡೂ ‘ಎಣ್ಣೆ ತಿಕ್ಕುವುದು’ ಎಂದೇ ಕಾಣುತ್ತದೆ. ಒಳಗೆ ಹೋದರೆ ಬೇರೆ ಲೋಕ.

ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸಾ ಮತ್ತು ಯೋಗ ವಿಜ್ಞಾನ ಕಾಲೇಜು 1989ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುತುವರ್ಜಿಯಲ್ಲಿ ಆರಂಭವಾಯಿತು. ಬಿ.ಎನ್.ವೈ.ಎಸ್. ಎಂಬ ಐದೂವರೆ ವರ್ಷದ ಪದವಿಯನ್ನು ದೇಶದಲ್ಲಿ ಮೊದಮೊದಲು ಕಲಿಸಿದ ಕಾಲೇಜುಗಳಲ್ಲಿ ಅದೂ ಒಂದು. ಅದೇ ಬಳಗದ ಆಸ್ಪತ್ರೆ ಶಾಂತಿವನ, ಧರ್ಮಸ್ಥಳದಲ್ಲಿ ನೇತ್ರಾವತಿಯ ಬದಿಯಲ್ಲಿದೆ. ಪ್ರಕೃತಿ ಚಿಕಿತ್ಸೆಯಲ್ಲಿ ಔಷಧವಿಲ್ಲ. ನೀರು, ಮಣ್ಣು, ಬಿಸಿಲು, ಉಪವಾಸ, ಉಪ್ಪು ಖಾರ ಕಡಿಮೆಯ ಊಟ, ಯೋಗ, ಮಸಾಜ್ ಇವೇ ಸಾಧನ. ಹೊಟ್ಟೆಗೂ ಕಣ್ಣಿಗೂ ತಂಪು ಮಣ್ಣಿನ ಪಟ್ಟಿ, ತೊಟ್ಟಿಯಲ್ಲಿ ಸೊಂಟದವರೆಗೆ ಮುಳುಗಿ ಕೂರುವ ಕಟಿಸ್ನಾನ, ಹಬೆ, ಎನಿಮಾ.

ನಮ್ಮಲ್ಲಿ ಎಷ್ಟೋ ಮಂದಿ ಇದನ್ನು ಋಷಿಗಳ ಕಾಲದ ಪದ್ಧತಿ ಎಂದುಕೊಂಡಿದ್ದಾರೆ. ಆದರೆ ಕಟಿಸ್ನಾನದ ಊರು ಜರ್ಮನಿಯ ಲೈಪ್‌ಜಿಗ್. ಅದನ್ನು ಪ್ರಚಾರಕ್ಕೆ ತಂದವರು ಹತ್ತೊಂಬತ್ತನೇ ಶತಮಾನದ ಲೂಯಿ ಕೂನೆ. ಮಣ್ಣಿನ ಪಟ್ಟಿಯ ಹಿಂದೆ ಅಡಾಲ್ಫ್ ಜುಸ್ಟ್ ಎಂಬ ಇನ್ನೊಬ್ಬ ಜರ್ಮನ್ ಇದ್ದಾರೆ, ತಣ್ಣೀರಿನ ಚಿಕಿತ್ಸೆಯ ಹಿಂದೆ ಬವೇರಿಯದ ಪಾದ್ರಿ ಸೆಬಾಸ್ಟಿಯನ್ ಕ್ನೈಪ್. ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿದ್ದಾಗ ಕೂನೆ, ಜುಸ್ಟ್ ಅವರ ಪುಸ್ತಕ ಓದಿ ತಮ್ಮ ಮೇಲೆ, ಮಕ್ಕಳ ಮೇಲೆ ಪ್ರಯೋಗ ಮಾಡಿದರು. 1946ರಲ್ಲಿ ಪುಣೆಯ ಹತ್ತಿರ ಉರುಳಿಕಾಂಚನದಲ್ಲಿ ಆಶ್ರಮವನ್ನೇ ತೆರೆಸಿದರು. ಆ ಮೇಲೆ ಅದು ನಮ್ಮದಾಯಿತು. ಇಲ್ಲಿನ ಮಸಾಜಿನ ಬೇರೂ ಯುರೋಪಿನದು. ಸ್ವೀಡಿಶ್ ಎಂದು ಹೆಸರಾದ ಆ ಕ್ರಮವನ್ನು ಹಸ್ತಗತಿಗಳಾಗಿ ವಿಂಗಡಿಸಿದ ಕೀರ್ತಿ ಯೊಹಾನ್ ಮೆಟ್ಸ್‌ಗರ್ ಎಂಬ ಡಚ್ ವೈದ್ಯರಿಗೆ ಸಲ್ಲುತ್ತದೆ. ಸವರುವುದು, ನಾದುವುದು, ಉಜ್ಜುವುದು, ತಟ್ಟುವುದು, ಅದುರಿಸುವುದು. ಗೋಧಿಹಿಟ್ಟು ಕಲಸುವವರಿಗೆ ಇದರಲ್ಲಿ ನಾಲ್ಕಾದರೂ ಗೊತ್ತಿರುತ್ತದೆ.

ಇಂಥ ಆಸ್ಪತ್ರೆಗಳಲ್ಲಿ ಮೊದಲು ನಡೆಯುವುದು ತೂಕ, ರಕ್ತದೊತ್ತಡ, ಸಕ್ಕರೆಯ ಲೆಕ್ಕ. ವೈದ್ಯರು ಕೂರಿಸಿ ಕೇಳುತ್ತಾರೆ: ಯಾವ ಮಾತ್ರೆ ನುಂಗುತ್ತಿದ್ದೀರಿ, ಆಪರೇಶನ್ ಆಗಿದೆಯಾ, ಮುಟ್ಟಿನ ದಿನವಾ, ಗರ್ಭಿಣಿಯಾ. ಆಮೇಲೆ ಚೀಟಿ ಬರೆಯುತ್ತಾರೆ. ಹಬೆ ಬೇಡವೆಂದು ಬರೆದಿದ್ದರೆ ಎಷ್ಟು ಬೇಡಿಕೊಂಡರೂ ಹಬೆ ಸಿಗುವುದಿಲ್ಲ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು. ರಜೆಯ ಸುಖ ಹುಡುಕಿಕೊಂಡು ಹೋದವರಿಗೆ ಎರಡನೇ ದಿನಕ್ಕೇ ಉಪ್ಪಿನಕಾಯಿಯ ಕನಸು ಬೀಳುತ್ತದೆ.

ಮೂಡುಬಿದಿರೆಯದು ಬೇರೆ ಶಾಸ್ತ್ರ. ಡಾ. ಎಂ. ಮೋಹನ ಆಳ್ವರು ಕಟ್ಟಿದ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನವನ್ನು ಹೊರ ಊರಿನವರು ಅದರ ಉತ್ಸವಗಳಾದ ನುಡಿಸಿರಿ, ವಿರಾಸತ್‌ಗಳಿಂದ ಬಲ್ಲರು. ಅದರೊಳಗೆ ಆಯುರ್ವೇದ ಕಾಲೇಜೂ ಆಸ್ಪತ್ರೆಯೂ ಇವೆ. ಪ್ರಕೃತಿ ಚಿಕಿತ್ಸೆಯ ಕಾಲೇಜೂ ಇದೆ. ಆಯುರ್ವೇದದಲ್ಲಿ ಮೈಗೆ ಎಣ್ಣೆ ಹಚ್ಚುವುದು ಅಭ್ಯಂಗ. ಇಲ್ಲೊಂದು ಗೊಂದಲ ಬಿಡಿಸಬೇಕು. ಒಂದು ಗಂಟೆ ಎಣ್ಣೆ ತಿಕ್ಕಿಸಿಕೊಂಡು ಬಂದವರು ‘ಪಂಚಕರ್ಮ ಮಾಡಿಸಿದೆ’ ಎನ್ನುತ್ತಾರೆ. ಪಂಚಕರ್ಮ ಎಂದರೆ ಸಾಮಾನ್ಯವಾಗಿ ವಮನ, ವಿರೇಚನ, ಬಸ್ತಿ, ನಸ್ಯ, ರಕ್ತಮೋಕ್ಷಣ; ವಾಂತಿ, ಭೇದಿ, ಗುದದ ಮೂಲಕ ಕೊಡುವ ಔಷಧ, ಮೂಗಿಗೆ ಬಿಡುವ ಔಷಧ, ರಕ್ತ ತೆಗೆಯುವುದು. ಎಣ್ಣೆ ಹಚ್ಚುವುದೂ ಬೆವರಿಸುವುದೂ ಇವುಗಳಿಗೆ ಮೈಯನ್ನು ಸಜ್ಜುಗೊಳಿಸುವ ಪೂರ್ವಕರ್ಮ. ಮದುವೆಗೆ ಮೊದಲಿನ ಅರಸಿನ ಶಾಸ್ತ್ರವನ್ನೇ ಮದುವೆ ಎಂದ ಹಾಗಾಯಿತು.

ಎಣ್ಣೆಯೂ ಒಂದೇ ಅಲ್ಲ. ವಾತದ ನೋವಿಗೆ ಮಹಾನಾರಾಯಣ ತೈಲ, ಬಾಣಂತಿಗೆ ಧನ್ವಂತರ, ಉರಿ ಇದ್ದ ಗಂಟಿಗೆ ಪಿಂಡತೈಲ ಎಂದು ರೋಗಿಯನ್ನು ನೋಡಿ ಆರಿಸುತ್ತಾರೆ. ಲಕ್ಕಿ, ಎಕ್ಕೆ, ಹರಳು, ಹುಣಸೆಯ ಎಲೆಗಳನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುವುದು ಎಲೆಕಿಳಿ. ಥಾಯ್ಲೆಂಡಿನಲ್ಲಿ ಶುಂಠಿಯ ಒಂದು ಜಾತಿ, ಅರಸಿನ, ಮಜ್ಜಿಗೆ ಹುಲ್ಲು, ಕರ್ಪೂರ ತುಂಬಿದ ಇಂಥದೇ ಗಂಟನ್ನು ಹಬೆಯಲ್ಲಿ ಬಿಸಿಮಾಡಿ ಒತ್ತುತ್ತಾರೆ. ಭಾವ ಅದರ ಫೋಟೊ ತೋರಿಸಿ ‘ಅಲ್ಲಿನ ಸ್ಪೆಶಲ್’ ಎಂದರು. ನಾನು ಏನೂ ಹೇಳಲಿಲ್ಲ.

ಮುಟ್ಟುವ ಮೊದಲು ಏನು ಕೇಳಬೇಕು ಎಂದು ನಾನು ಹುಡುಕುತ್ತಿದ್ದದ್ದು ಸಿಕ್ಕಿದ್ದು ವಾಗ್ಭಟನ ಅಷ್ಟಾಂಗ ಹೃದಯ ಎಂಬ ಆಯುರ್ವೇದ ಗ್ರಂಥದಲ್ಲಿ. ದಿನವೂ ಎಣ್ಣೆ ಹಚ್ಚಿಕೊಳ್ಳಿ, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಹಚ್ಚಿ ಎಂದು ಹೇಳುವ ಆತ, ಅದರ ಬೆನ್ನಿಗೇ ಯಾರಿಗೆ ಕೂಡದು ಎಂದೂ ಹೇಳಿಬಿಡುತ್ತಾನೆ: ಕಫ ಹೆಚ್ಚಿದವರಿಗೆ ಬೇಡ, ಆಗಷ್ಟೇ ವಮನ, ವಿರೇಚನದಂಥ ಶೋಧನ ಮಾಡಿಸಿಕೊಂಡವರಿಗೆ ಬೇಡ, ಅಜೀರ್ಣ ಇರುವವರಿಗೆ ಬೇಡ. ಹೊಗಳಿಕೆಯ ಪಕ್ಕದಲ್ಲೇ ನಿಷೇಧ. ದರದ ಕಾರ್ಡಿನಲ್ಲಿ ಈ ಎರಡನೇ ಸಾಲು ಅಚ್ಚಾಗುವುದಿಲ್ಲ.

ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಹಳೆಯ ಮನೆಯ ಬಚ್ಚಲು ಕೊಟ್ಟಿಗೆ. ಉಜಿರೆ, ಮೂಡುಬಿದಿರೆಗಳಲ್ಲಿ ಕಾಲೇಜುಗಳು ಬರುವ ಮೊದಲು ಬಂಟ್ವಾಳದ ಹಳ್ಳಿಗಳಲ್ಲಿ ಈ ವಿದ್ಯೆ ಇದ್ದದ್ದು ಅಲ್ಲಿ. ಬಾಣಂತಿಯನ್ನೂ ಮಗುವನ್ನೂ ಮೀಯಿಸಲು ನಮ್ಮ ಮನೆಗೆ ಒಬ್ಬರು ಬರುತ್ತಿದ್ದರು. ಬಂಧುವಲ್ಲ, ಮಕ್ಕಳೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಮಗುವನ್ನು ಅಡಿಕೆ ಹಾಳೆಯಲ್ಲಿ ಮಲಗಿಸಿ ಎಣ್ಣೆ ನೀವುತ್ತಿದ್ದರು. ಬಾಣಂತಿಗೆ ಹಂಡೆಯ ನೀರು ಬೆನ್ನಿಗೆ ರಪ್ಪೆಂದು ಬೀಳುತ್ತಿತ್ತು. ದೀಪಾವಳಿಯ ಮುನ್ನಾದಿನ ನೀರು ತುಂಬಿ, ಮರುದಿನ ಬೆಳಕು ಹರಿಯುವ ಮೊದಲು ಮನೆಮಂದಿಗೆಲ್ಲ ಎಣ್ಣೆ ಹಚ್ಚುವಾಗಲೂ ಅವರದೇ ಕೈ. ತಲೆಗೆ ದಾಸವಾಳದ ಎಲೆಯ ಗೊಂಪು, ಮೈಗೆ ಹೆಸರುಹಿಟ್ಟು. ಎಣ್ಣೆಯ ಬಟ್ಟಲನ್ನು ಕೆಂಡದ ಬದಿಗಿಟ್ಟು, ಬೆಚ್ಚಗಾದದ್ದನ್ನು ತಮ್ಮ ಮುಂಗೈಗೆ ಒಂದು ಹನಿ ಬಿಟ್ಟು ನೋಡುತ್ತಿದ್ದರು. ಆಮೇಲೆ ಪ್ರಶ್ನೆ: ‘ಊಟ ಆಗಿ ಎಷ್ಟು ಹೊತ್ತಾಯಿತು ಮಗ? ರಾತ್ರಿ ಮೈ ಬೆಚ್ಚಗಿತ್ತಾ? ಶೀತ ಉಂಟಾ?’ ಉಂಡು ಬಂದಿದ್ದರೆ ‘ನಾಳೆ ಬಾ’ ಎಂದು ಕಳಿಸುತ್ತಿದ್ದರು. ಕಫ, ಅಜೀರ್ಣ, ಅದರ ಮೇಲೆ ಜ್ವರವೂ. ದೊಡ್ಡಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ವಾಗ್ಭಟನ ಪಟ್ಟಿ ಬರುತ್ತಿತ್ತು.

ಈ ವಿದ್ಯೆಯನ್ನು ನಾವು ಮಾರಲು ಕಲಿಯಲಿಲ್ಲ. ಗಡಿಯಾಚೆ ಕೇರಳದವರು ಮಳೆಗಾಲದ ಕರ್ಕಟಕ ಮಾಸವನ್ನು ಚಿಕಿತ್ಸೆಯ ಹಂಗಾಮಾಗಿ ಮಾಡಿ ಪ್ರವಾಸಿಗರನ್ನು ಕರೆಸಿಕೊಂಡರು. ಅದೇ ತಿಂಗಳು ನಮಗೆ ಆಟಿ. ಆಟಿ ಅಮಾವಾಸ್ಯೆಯ ಮುಂಜಾನೆ ಕಬ್ಬಿಣ ಸೋಕಿಸದೆ ಕಲ್ಲಿನಿಂದ ಗುದ್ದಿ ತಂದ ಹಾಲೆಮರದ ಕೆತ್ತೆಯ ಕಷಾಯ ಕುಡಿಯುತ್ತೇವೆ, ಮೇಲಿಂದ ಮೆಂತೆಗಂಜಿ ಉಣ್ಣುತ್ತೇವೆ. ಮಿಕ್ಕಂತೆ ಆಟಿ ಈಗ ಸಭಾಭವನಗಳ ‘ಆಟಿಡೊಂಜಿ ದಿನ’ದ ಪತ್ರೊಡೆ, ಕಣಿಲೆಗಳ ಊಟದಲ್ಲಿ ಉಳಿದಿದೆ. ಖನಿಜ ನೀರಿನ ಬುಗ್ಗೆಯ ಊರಾದ ಬೆಲ್ಜಿಯಂನ ‘ಸ್ಪಾ’ ಜಗತ್ತಿಗೇ ಪದ ಕೊಟ್ಟಿತು. ಪುತ್ತೂರಿನ ಬಳಿ ಇರ್ದೆಯ ಬಿಸಿನೀರಿನ ಬುಗ್ಗೆ ಬೆಂದ್ರ್ ತೀರ್ಥಕ್ಕೆ ನಾವು ವರ್ಷಕ್ಕೊಮ್ಮೆ ಮುಳುಗು ಹಾಕಲು ಹೋಗುತ್ತೇವೆ. ಇದಕ್ಕೆ ನನಗೆ ಬೇಸರವಿಲ್ಲ. ಮಾರಾಟಕ್ಕೆ ಇಟ್ಟಿದ್ದರೆ ದೊಡ್ಡಮ್ಮನ ‘ನಾಳೆ ಬಾ’ ಮೊದಲು ಹೋಗುತ್ತಿತ್ತು.

ಯೋಗದ ಕಥೆಯಂತೂ ತಿರುಗುಮುರುಗು. ಚಿತ್ರದುರ್ಗದ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ ಶಿಷ್ಯರು ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಹಾಸನ ಜಿಲ್ಲೆಯ ಕೌಶಿಕದ ಕೆ. ಪಟ್ಟಾಭಿ ಜೋಯಿಸ್. ಜೋಯಿಸರ ಕ್ರಮಕ್ಕೆ ಲೋಕವಿಡೀ ‘ಮೈಸೂರು ಸ್ಟೈಲ್’ ಎಂದೇ ಹೆಸರು. ಥಾಯ್ ದ್ವೀಪಗಳ ಯೋಗಶಾಲೆಗಳ ಹಲಗೆಯಲ್ಲೂ ಆ ಪದ ಇದೆ. ಭಾವ ಅದನ್ನು ಕಂಡು ‘ಅಲ್ಲಿಯೂ ಮೈಸೂರಿನವರ ಹೋಟೆಲಾ’ ಎಂದುಕೊಂಡರಂತೆ.

ಮೈಗೆ ಸುಖ, ಮನಸ್ಸಿಗೆ ಯೋಗ ಎಂದು ಎರಡನ್ನೂ ಒಂದೇ ಪ್ಯಾಕೇಜಿನಲ್ಲಿ ಕಟ್ಟಿಕೊಡುವುದನ್ನು ಕಂಡು ನಗುವವರಿದ್ದಾರೆ. ನಗುವ ಮುಂಚೆ ಮೂಡುಬಿದಿರೆಯವನೇ ಆದ ರತ್ನಾಕರವರ್ಣಿಯನ್ನು ನೆನೆಯಬೇಕು. ಹದಿನಾರನೇ ಶತಮಾನದಲ್ಲಿ ಆತ ಸಾಂಗತ್ಯದಲ್ಲಿ ಬರೆದ ಭರತೇಶ ವೈಭವದ ನಾಯಕ ಭೋಗಿಯೂ ಹೌದು, ಯೋಗಿಯೂ ಹೌದು. ಕಾವ್ಯ ಶುರುವಾಗುವುದು ಭೋಗವಿಜಯದಿಂದ. ಯೋಗವಿಜಯ ಬರುವುದು ದಿಗ್ವಿಜಯ ಮುಗಿದ ಮೇಲೆ. ಎರಡನ್ನೂ ಸರಿದೂಗಿಸಿಕೊಳ್ಳಲು ಚಕ್ರವರ್ತಿಗೆ ಒಂದು ಆಯುಸ್ಸು ಬೇಕಾಯಿತು. ಪ್ಯಾಕೇಜಿನವರು ಮೂರು ರಾತ್ರಿ, ನಾಲ್ಕು ಹಗಲು ಎನ್ನುತ್ತಾರೆ.

ಹಾಗಾದರೆ ಮಸಾಜಿನಿಂದ ನಿಜಕ್ಕೂ ಏನಾಗುತ್ತದೆ? ಬಿಗಿದ ಸ್ನಾಯು ಸಡಿಲವಾಗುತ್ತದೆ, ಮನಸ್ಸು ತಣಿಯುತ್ತದೆ, ನಿದ್ದೆ ಬರುತ್ತದೆ. ಬೆನ್ನುನೋವಿಗೆ ಕೆಲವು ದಿನಗಳ ಆರಾಮ ಸಿಗಬಹುದು. ಬಹುಕಾಲ ನಿಲ್ಲುತ್ತದೆ ಎನ್ನಲು ಬಲವಾದ ಪುರಾವೆ ಇಲ್ಲ. ‘ಮೈಯೊಳಗಿನ ವಿಷವೆಲ್ಲ ಹೊರಗೆ’ ಎಂಬ ಬೋರ್ಡು ಕಂಡರೆ ಮುಂದೆ ನಡೆಯಿರಿ. ಆ ಕೆಲಸಕ್ಕೆ ಪಿತ್ತಕೋಶದ ಪಕ್ಕದ ಯಕೃತ್ತು ಇದೆ, ಎರಡು ಮೂತ್ರಪಿಂಡಗಳಿವೆ. ರಕ್ತ ಹೆಪ್ಪುಗಟ್ಟದ ಮಾತ್ರೆ ನುಂಗುವವರನ್ನು ಜೋರಾಗಿ ಒತ್ತಿದರೆ ಚರ್ಮದೊಳಗೆ ರಕ್ತ ಸೋರಿ ನೀಲಿಗಟ್ಟಬಹುದು. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದೀತು. ಜ್ವರ, ಮುರಿದ ಎಲುಬು, ಎಲುಬು ಸವೆದ ವೃದ್ಧರು, ಗರ್ಭಿಣಿಯರು, ಇವರ ವಿಷಯದಲ್ಲಿ ವೈದ್ಯರ ಮಾತಿಲ್ಲದೆ ಕೈ ಹಾಕಬಾರದು. ಇನ್ನು ಕುತ್ತಿಗೆ. ಕ್ಷೌರ ಮುಗಿದ ಮೇಲೆ ಲಟಕ್ಕೆಂದು ಕುತ್ತಿಗೆ ತಿರುಗಿಸಿಕೊಳ್ಳುವ ಚಟ ನಮ್ಮಲ್ಲಿ ಬಹಳ ಮಂದಿಗಿದೆ. ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಅದರಿಂದ ಹರಿದು ಪಾರ್ಶ್ವವಾಯು ಬಡಿಯಬಹುದು. ಅದು ಎಲ್ಲಿಯೂ ಬೇಡ, ಯಾರಿಂದಲೂ ಬೇಡ.

ಅವರು ನಮ್ಮನ್ನು ಕೇಳುವ ಹಾಗೆ ಅವರನ್ನು ನಾವು ಕೇಳಬೇಕಾದ್ದೂ ಕೆಲವುಂಟು. ಇಲ್ಲಿ ವೈದ್ಯರು ಯಾರು, ಅವರು ಆಯುರ್ವೇದದ ಬಿ.ಎ.ಎಂ.ಎಸ್. ಓದಿದವರಾ, ಬಿ.ಎನ್.ವೈ.ಎಸ್. ಓದಿದವರಾ? ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿದೆಯಾ? ಮೈಗೆ ಕೈ ಹಾಕುವವರು ಎಲ್ಲಿ ಕಲಿತವರು? ಬಳಸುವ ಎಣ್ಣೆ ಯಾವುದು, ಯಾಕೆ ಅದೇ? ಕೇಳಿದರೆ ಮುಖ ಸಿಂಡರಿಸುವ ಕಡೆ ಅಂಗಿ ಬಿಚ್ಚುವ ಅಗತ್ಯವಿಲ್ಲ. ನಮ್ಮನ್ನು ಏನೂ ಕೇಳದ ಕಡೆಯಂತೂ ಚಪ್ಪಲಿಯನ್ನೂ ಬಿಚ್ಚಬೇಡಿ.

ಇಷ್ಟನ್ನೂ ಭಾವನಿಗೆ ಹೇಳಿ ಮುಗಿಸುವಾಗ ಅವರು ಆಕಳಿಸುತ್ತಿದ್ದರು. ಆದರೆ ಎರಡು ವಾರ ಬಿಟ್ಟು ಫೋನು ಬಂತು. ಮೂಡುಬಿದಿರೆಯ ಒಂದು ಆಯುರ್ವೇದ ಆಸ್ಪತ್ರೆಗೆ ಹೋಗಿದ್ದರಂತೆ. ದನಿಯಲ್ಲಿ ಸಿಟ್ಟಿತ್ತು.

‘ಎಂತ ಆಸ್ಪತ್ರೆ ಭಾವ ಅದು? ಅರ್ಧ ಗಂಟೆ ಕೂರಿಸಿ ಪ್ರಶ್ನೆ ಕೇಳಿದರು. ಮಾತ್ರೆಯ ಹೆಸರು ಬರೆದುಕೊಂಡರು. ಕಡೆಗೆ ನೋಡಿದರೆ, ಹೃದಯದ ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡು ಬನ್ನಿ, ಬರುವಾಗ ಊಟ ಮಾಡಿ ಬರಬೇಡಿ ಅಂತ ವಾಪಸು ಕಳಿಸಿದರು. ಒಂದು ಹನಿ ಎಣ್ಣೆ ಮುಟ್ಟಿಸಲಿಲ್ಲ ಮಾರ್ರೆ!’

ನನಗೆ ಬಚ್ಚಲು ಕೊಟ್ಟಿಗೆಯ ಹೊಗೆಯ ವಾಸನೆ ಬಂದ ಹಾಗಾಯಿತು.

‘ಹಾಗಾದರೆ ಸರಿಯಾದ ಕಡೆಗೇ ಹೋಗಿದ್ದೀರಿ’ ಎಂದೆ.